ಮೂಗು ಮೇಸ್ತ್ರಿಯ ಮಗಳ ಕಾರು

ಹಳದಿ ದೀಪ ಮತ್ತೆ ಹತ್ತಿಕೊಂಡಿತ್ತು. ಸ್ಟೀರಿಂಗಿನ ಹಿಂದೆ, ಸ್ಪೀಡಿನ ಮುಳ್ಳಿನ ಪಕ್ಕದಲ್ಲಿ, ಇಂಜಿನ್ನಿನ ಆಕಾರದ ಆ ಚೋಟುದ್ದದ ದೀಪ ಮೇಸ್ತ್ರಿಯ ಮುಖವನ್ನೇ ನೋಡುತ್ತಾ ಕೂತಿತ್ತು. ಹೋದ ವಾರ ಆರಿಸಿದ್ದ. ಅದರ ಹಿಂದಿನ ವಾರವೂ ಆರಿಸಿದ್ದ. ಈಗ ನೋಡಿದರೆ ಏನೂ ಆಗಿಯೇ ಇಲ್ಲ ಎಂಬಂತೆ ಮತ್ತೆ ಹಾಜರು.

"ನಿನ್ನ ಮನೆ ಹಾಳಾಗ," ಎಂದ ಮೇಸ್ತ್ರಿ.

"ಯಾರಿಗಪ್ಪ, ನನಗಾ?" ಎಂದಳು ಕಿಟಕಿಯ ಹೊರಗೆ ನಿಂತಿದ್ದ ಮಗಳು.

"ನಿನಗ್ಯಾಕೆ ಅಂತೀನಿ? ಈ ದರಿದ್ರ ದೀಪಕ್ಕೆ ಅಂದಿದ್ದು."

ಬೇರೆ ಯಾರ ಕಾರಾಗಿದ್ದರೂ ಅವನಿಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಇದು ಮಗಳು ಹೊಟ್ಟೆಪಾಡಿಗೆ ಓಡಿಸುವ ಕಾರು. ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟುಕೊಂಡು ದೊಡ್ಡ ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ಬೆಳಗಿನಿಂದ ಮಧ್ಯಾಹ್ನದ ತನಕ ಕಾರಿನೊಳಗೆ ಅವಳೊಬ್ಬಳೇ. ರಸ್ತೆಯ ಧೂಳು ಬೇಡವೆಂದು ಕಿಟಕಿ ಏರಿಸಿ, ಬ್ಲೋವರ್ ಹಾಕಿಕೊಂಡು ಓಡಿಸುತ್ತಾಳೆ. ಈಗ ಆರು ತಿಂಗಳ ಬಸುರಿ ಬೇರೆ. ಸೀಟನ್ನು ಹಿಂದಕ್ಕೆ ತಳ್ಳಿ ತಳ್ಳಿ, ಕಾಲು ಕ್ಲಚ್ಚಿಗೆ ಎಟುಕುವುದೇ ಕಷ್ಟವಾಗಿತ್ತು.

"ಏರು ಹತ್ತೋವಾಗ ಎಳೆಯೋದೇ ಇಲ್ಲ ಅಪ್ಪ. ಆಮೇಲೆ ಅದೇ ವಾಸನೆ. ಹೊಗೆ ಹೊಗೆ. ಮನೆ ಸೇರೋ ಹೊತ್ತಿಗೆ ತಲೆ ಒಡೆದು ಹೋಗುತ್ತೆ," ಎಂದಳು ಮಗಳು.

ಮೇಸ್ತ್ರಿ ಕಾರಿನಿಂದ ಇಳಿದ. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಇಂಜಿನ್ ಓಡುತ್ತಿದ್ದಂತೆಯೇ ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಬಂದ. ಸೈಲೆನ್ಸರಿನ ಬಳಿ ಬಗ್ಗಿದ. ಬಾನೆಟ್ಟಿನ ಸಂದಿಗೆ ಮುಖ ಒಡ್ಡಿ ದೀರ್ಘವಾಗಿ ಉಸಿರೆಳೆದ. ಮಗಳು ಬಾಯಿ ಮುಚ್ಚಿಕೊಂಡು ಕಾದಳು. ಚಿಕ್ಕಂದಿನಿಂದ ನೋಡಿದ ಪೂಜೆ ಇದು, ನಡುವೆ ಮಾತಾಡಬಾರದೆಂದು ಅವಳಿಗೆ ಗೊತ್ತು.

"ಏನೂ ಇಲ್ಲ," ಎಂದ ಮೇಸ್ತ್ರಿ. "ನಿನ್ನದು ಬಸುರಿ ಮೂಗು ಮಗಳೇ. ನಿಮ್ಮಮ್ಮನೂ ನಿನ್ನ ಹೊತ್ತಿದ್ದಾಗ ಸೋಪಿನ ವಾಸನೆಗೇ ವಾಂತಿ ಮಾಡ್ಕೋತಿದ್ಲು."

"ಒಳಗಿನ ಗಾಳಿನೇ ಸುತ್ತೋ ಹಾಗೆ ಬಟನ್ ಒತ್ತಿದ್ರೆ ಕಮ್ಮಿ ಆಗುತ್ತಪ್ಪ..."

"ಇಲ್ಲ ಅಂದ್ನಲ್ಲ!"

ಅಪ್ಪ ಇಲ್ಲ ಅಂದಮೇಲೆ ಮುಗಿಯಿತು. ಆ ಮೂಗಿನ ಎದುರು ವಾದ ಮಾಡಿದವರನ್ನು ಮಗಳು ಕಂಡಿರಲಿಲ್ಲ.

ಆ ಮೂಗಿಗೆ ದೊಡ್ಡ ಚರಿತ್ರೆಯೇ ಇತ್ತು. ಅವನು ಇನ್ನೂ ಮೀಸೆ ಚಿಗುರದ ವಯಸ್ಸಿನಲ್ಲಿ ಬೇರೊಬ್ಬರ ಶೆಡ್ಡಿನಲ್ಲಿ ಕೆಲಸಕ್ಕಿದ್ದಾಗ, ಇಂಜಿನ್ ವಿಪರೀತ ಬಿಸಿಯಾಗುತ್ತಿದ್ದ ಒಂದು ಕಾರಿನ ಸುತ್ತ ಹಿರಿಯ ಮೆಕ್ಯಾನಿಕ್ಕುಗಳೆಲ್ಲ ತಲೆ ಕೆಡಿಸಿಕೊಂಡು ನಿಂತಿದ್ದರಂತೆ. ಇವನು ಪೊರಕೆ ಹಿಡಿದುಕೊಂಡು ಪಕ್ಕದಲ್ಲಿ ಹಾದುಹೋದವನು, "ಹೊಗೆ ಸಿಹಿ ವಾಸನೆ ಬರ್ತಿದೆ, ಇಂಜಿನ್ ತಂಪು ಮಾಡೋ ಕೂಲಂಟ್ ಒಳಗೆ ಹೋಗಿ ಸುಡ್ತಿದೆ" ಎಂದನಂತೆ. ಬಿಚ್ಚಿ ನೋಡಿದರೆ ಹಾಗೇ ಇತ್ತು. ಅಂದಿನಿಂದ ಅವನು ಮೂಗು ಮೇಸ್ತ್ರಿ. ಅಪ್ಪ ಅಮ್ಮ ಇಟ್ಟ ಹೆಸರು ಪಡಿತರ ಚೀಟಿಗೆ ಮಾತ್ರ ಉಳಿಯಿತು. ಸ್ವಂತ ಶೆಡ್ ಹಾಕಿದಾಗ ಬೋರ್ಡನ್ನೂ ಬರೆಸಲಿಲ್ಲ, ಬೇಕಾಗಿರಲಿಲ್ಲ. ಗಿರಾಕಿ ಬಂದರೆ ಬಾನೆಟ್ ಎತ್ತುವ ಮೊದಲು ಪ್ರದಕ್ಷಿಣೆ. ಕ್ಲಚ್ ಸುಟ್ಟಿದ್ದು, ಡೀಸೆಲ್ ಜಿನುಗುತ್ತಿರುವುದು, ವೈರು ಕರಗಿದ್ದು, ಎಲ್ಲ ಮೂಗಿನಲ್ಲೇ ತೀರ್ಮಾನವಾಗಬೇಕು. ಸ್ಪ್ಯಾನರ್ ಆಮೇಲೆ. "ಮೇಸ್ತ್ರಿ, ಆ ಮೂಗಿಗೊಂದು ವಿಮೆ ಮಾಡಿಸಿ" ಎಂದು ಗಿರಾಕಿಗಳು ರೇಗಿಸಿದರೆ ಮೇಸ್ತ್ರಿ ಒಳಗೊಳಗೇ ಉಬ್ಬುತ್ತಿದ್ದ.

ಆ ಮೂಗು ಈಗ ಸತ್ತಿತ್ತು. ನೆಟ್ಟಗೆ ಹೇಳಬೇಕೆಂದರೆ ಅಷ್ಟೇ. ಕಳೆದ ಚಳಿಯಲ್ಲಿ ಒಂದು ಜ್ವರ ಬಂತು, ಮೈ ನೋಯಿಸಿತು, ಹೋಯಿತು. ಹೋಗುವಾಗ ವಾಸನೆಯನ್ನೂ ಜತೆಗೆ ಕರೆದುಕೊಂಡು ಹೋಯಿತು. ಕೆಲಸಕ್ಕೆ ಮರಳಿದ ದಿನ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದವನಿಗೆ ಏನೋ ಖಾಲಿ ಖಾಲಿ ಅನ್ನಿಸಿ, ಬಟ್ಟೆಯನ್ನೇ ಮೂಗಿಗೆ ಒತ್ತಿ ನೋಡಿದ. ನೀರಿನಲ್ಲಿ ಅದ್ದಿದ್ದರೂ ಅಷ್ಟೇ, ಡೀಸೆಲ್ಲಿನಲ್ಲಿ ಅದ್ದಿದ್ದರೂ ಅಷ್ಟೇ. ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ಕಾದ. ಬರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಗೆ ಹೇಳುವುದು? ಕುರುಡಾದ ಡ್ರೈವರ್ ಹೇಳಿಕೊಂಡು ತಿರುಗುತ್ತಾನೆಯೇ? ಹೊಗೆಯ ಬಣ್ಣ ನೋಡಿ, ಇಂಜಿನ್ನಿನ ಸದ್ದು ಕೇಳಿ, ಗಿರಾಕಿ ಮುಖ ಸಿಂಡರಿಸುವುದನ್ನು ಓರೆಗಣ್ಣಲ್ಲಿ ಗಮನಿಸಿ, ಹೇಗೋ ನಿಭಾಯಿಸುತ್ತಿದ್ದ. ಪ್ರದಕ್ಷಿಣೆ ಮಾತ್ರ ಬಿಟ್ಟಿರಲಿಲ್ಲ. ಉಸಿರೆಳೆಯುವುದನ್ನು ಮೊದಲಿಗಿಂತ ಜೋರಾಗಿಯೇ ಮಾಡುತ್ತಿದ್ದ.

ಹೀಗಿರುವಾಗ ಬಂದು ವಕ್ಕರಿಸಿದ್ದು ಈ ಇಜಿಆರ್ ಕಾಟ. ಇಂಜಿನ್ ಹೊರಗೆ ಬಿಟ್ಟ ಹೊಗೆಯಲ್ಲಿ ಒಂದು ಪಾಲನ್ನು ಪೈಪಿನಲ್ಲಿ ಹಿಡಿದು ತಂದು, ಒಂದು ವಾಲ್ವಿನ ಮೂಲಕ ಮತ್ತೆ ಇಂಜಿನ್ನಿಗೇ ಉಣಿಸುವ ಏರ್ಪಾಡು ಅದು. ಗಾಳಿ ಕೆಡುವುದು ಕಡಿಮೆಯಾಗಲಿ ಅಂತ ಯಾರೋ ಪುಣ್ಯಾತ್ಮರು ಕಂಡುಹಿಡಿದದ್ದು. ಒಳ್ಳೆಯದೇ. ಆದರೆ ಕೆಟ್ಟರೆ ಮೆಕ್ಯಾನಿಕ್ಕನ ತಲೆ ತಿಂದುಬಿಡುತ್ತದೆ. ವಾಲ್ವಿನಲ್ಲಿ ಮಸಿ ಕಟ್ಟಿದರೂ ದೀಪ ಹತ್ತುತ್ತದೆ, ವೈರು ಸಡಿಲವಾದರೂ ಅದೇ ದೀಪ, ಪೈಪು ಸೀಳಿ ದಾರಿಯಲ್ಲೇ ಹೊಗೆ ಸೋರಿಹೋದರೂ ಅದೇ. ಕಾರಣ ಯಾವುದೆಂದು ಅದು ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲ ಸಲ ಮೇಸ್ತ್ರಿ ವಾಲ್ವ್ ಬಿಚ್ಚಿದ. ಒಳಗೆ ಗಟ್ಟಿ ಮಸಿ, ಬೆರಳು ತೂರದಷ್ಟು. ಕೆರೆದು ಕೆರೆದು ಉಗುರಿನ ಸಂದಿಯೆಲ್ಲ ಕಪ್ಪಾಯಿತು. ತೊಳೆದು ಜೋಡಿಸಿದ. ದೀಪ ಆರಿತು. ಎರಡು ದಿನ ಎದೆ ಸೆಟೆಸಿಕೊಂಡು ಓಡಾಡಿದ. ಮೂರನೆಯ ದಿನ ದೀಪ ಬಂತು. ಹೊಸ ವಾಲ್ವ್ ತಂದು ಹಾಕಿದ. ಮತ್ತೆ ಆರಿತು, ಮತ್ತೆ ಬಂತು. ರಬ್ಬರ್ ಟ್ಯೂಬುಗಳನ್ನು ಬದಲಾಯಿಸಿದ. ಆಮೇಲೆ, ದೀಪ ಮೊದಲ ಸಲ ಹತ್ತಿದಾಗ ನೋಡಿದ್ದ ಪಕ್ಕದ ಶೆಡ್ಡಿನ ವೈರಿಂಗಿನವನನ್ನು ಮತ್ತೆ ಕರೆದ. ಅವನು ದೋಷ ಓದುವ ತನ್ನ ಸ್ಕ್ಯಾನರ್ ಪೆಟ್ಟಿಗೆಯನ್ನು ಕಾರಿಗೆ ಚುಚ್ಚಿ, ಪರದೆ ನೋಡಿ, ಮೊದಲ ಸಲ ಹೇಳಿದ್ದನ್ನೇ ಮತ್ತೆ ಹೇಳಿದ.

"ವಾಪಸ್ ಬರಬೇಕಾದಷ್ಟು ಹೊಗೆ ಬರ್ತಿಲ್ಲ ಅಂತಿದೆ ಮೇಸ್ತ್ರಿ."

"ಅದು ನನಗೂ ಗೊತ್ತು ಕಣಯ್ಯ. ಯಾಕೆ ಬರ್ತಿಲ್ಲ ಅಂತ ಕೇಳು ನಿನ್ನ ಪೆಟ್ಟಿಗೇನ."

"ಅದನ್ನ ಹೇಳೋ ಹಾಗಿದ್ರೆ ನಾನೂ ಬೇಡ, ನೀವೂ ಬೇಡ," ಎಂದು ನಕ್ಕ ವೈರಿಂಗಿನವನು. ಒಂದೊಂದೇ ವೈರನ್ನು ಅಲ್ಲಾಡಿಸಿ ನೋಡಿದ, ಎಲ್ಲ ಸರಿಯಿತ್ತು. ಕೊನೆಗೆ ತಲೆ ಕೆರೆದುಕೊಳ್ಳುತ್ತಾ, "ಪೈಪೇನಾದ್ರೂ ಸೀಳಿದ್ಯಾ?" ಎಂದ.

"ಸೀಳಿದ್ರೆ ವಾಸನೆ ಬರಲ್ವೇನೋ?"

"ಅದೂ ನಿಜ ಅನ್ನಿ. ನಿಮ್ಮ ಮೂಗಿಗೆ ತಪ್ಪಿಸ್ಕೊಂಡು ಅದೆಲ್ಲಿ ಹೋದೀತು."

ಡೀಸೆಲ್, ಗ್ರೀಸು, ವೆಲ್ಡಿಂಗು, ಸುಟ್ಟ ರಬ್ಬರು ಎಲ್ಲ ಬೆರೆತು ನಾರುವ ಆ ಶೆಡ್ಡಿನಲ್ಲಿ ನಿಂತು ವೈರಿಂಗಿನವನ ಮೂಗಿಗೆ ಪ್ರತ್ಯೇಕವಾಗಿ ಏನು ಗೊತ್ತಾಗಬೇಕು? ಅವನು ಪೆಟ್ಟಿಗೆ ಮುಚ್ಚಿಕೊಂಡ.

ಮೇಸ್ತ್ರಿಗೆ ಅನುಮಾನ ಬರಲಿಲ್ಲವೆಂದಲ್ಲ. ಬಂತು. ಆ ಪೈಪು ಇಂಜಿನ್ನಿನ ಹಿಂಬದಿಯಲ್ಲಿ, ಒಳಗಿನ ಸೀಟುಗಳಿಗೂ ಇಂಜಿನ್ನಿಗೂ ನಡುವಿನ ತಗಡಿನ ಗೋಡೆಗೆ ಅಂಟಿದಂತೆ ಹೋಗುತ್ತದೆ. ಮೇಲೆ ಬಿಸಿ ತಡೆಯುವ ಒಂದು ಮುಚ್ಚಳ. ಅದರ ಬೋಲ್ಟುಗಳು ತುಕ್ಕು ಹಿಡಿದಿವೆ. ಕೈ ತೂರಿಸಿದರೆ ಮೊಣಕೈ ಸಿಕ್ಕಿಬೀಳುತ್ತದೆ. ಅದನ್ನು ಬಿಚ್ಚಬೇಕೆಂದರೆ ಅರ್ಧ ಇಂಜಿನ್ ಬಯಲು ಮಾಡಬೇಕು. ಅದಕ್ಕೂ ಅವನು ಹೆದರುವವನಲ್ಲ. ಒಂದು ಸಲ ಸ್ಪ್ಯಾನರ್ ಹಿಡಿದು ಬಗ್ಗಿಯೂ ಬಗ್ಗಿದ. "ಏನ್ ಮೇಸ್ತ್ರಿ, ಪೈಪ್ ನೋಡ್ತೀರಾ? ವಾಸನೆ ಇಲ್ಲ ಅಂದ್ರಿ?" ಎಂದು ಆ ಕಡೆಯಿಂದ ವೈರಿಂಗಿನವನ ದನಿ ಬಂತು. ಅವನು ಕೇಳಿದ್ದು ಸುಮ್ಮನೆ. ಮೇಸ್ತ್ರಿಗೆ ಮಾತ್ರ ಕಳ್ಳತನ ಮಾಡುವಾಗ ಕೈ ಹಿಡಿದಂತಾಯಿತು. "ಪೈಪಲ್ಲ, ಇದೊಂದು ಕ್ಲಿಪ್ಪು" ಎಂದು ಸ್ಪ್ಯಾನರ್ ಕೆಳಗಿಟ್ಟ.

ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಆ ಸಂಜೆ ಹೆಂಡತಿ ಒಲೆಯ ಮೇಲೆ ಹಾಲಿಟ್ಟು, "ನೋಡ್ಕೊಳ್ಳಿ" ಎಂದು ಬಟ್ಟೆ ತರಲು ಮಹಡಿಗೆ ಹೋದಳು. ಮೇಸ್ತ್ರಿ ಅಡುಗೆಮನೆಯ ಸ್ಟೂಲಿನ ಮೇಲೆ, ಒಲೆಗೆ ಬೆನ್ನು ಹಾಕಿ ಕೂತು ಹಳೆಯ ವಾಲ್ವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ತಲೆಯೊಳಗೆ ಇಜಿಆರ್ ಬಿಟ್ಟು ಇನ್ನೇನೂ ಇರಲಿಲ್ಲ.

"ರೀ! ಹಾಲು ರೀ!"

ಹೆಂಡತಿ ಮೆಟ್ಟಿಲಲ್ಲಿ ಬಟ್ಟೆ ಚೆಲ್ಲಿಕೊಂಡು ಓಡಿಬಂದಳು. ಹಾಲು ಉಕ್ಕಿ, ಹರಿದು, ಪಾತ್ರೆಯ ತಳ ಕಪ್ಪಾಗಿ ಸೀದುಹೋಗಿತ್ತು. ಕಮರು ವಾಸನೆ ಮಹಡಿಯವರೆಗೂ ಏರಿತ್ತು. ಮಾರು ದೂರದಲ್ಲಿ ಕೂತ ಗಂಡ ಮಾತ್ರ ಅವಳು ಕೂಗಿದ ಮೇಲೆ ತಿರುಗಿ ನೋಡಿದ. ಅವಳು ಒಲೆ ಆರಿಸಿ, ಬೈಯಲು ಬಾಯಿ ತೆರೆದವಳು ಯಾಕೋ ತಡೆದುಕೊಂಡಳು. ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ನೆಗಡಿನಾ?" ಎಂದಳು.

"ಹ್ಞೂಂ. ಸ್ವಲ್ಪ."

ಅವಳು ಪಾತ್ರೆಗೆ ನೀರು ಹಾಕಿದಳು.

ಮಗಳ ಫೋನು ಬಂದದ್ದು ಅದಾದ ಕೆಲವೇ ದಿನಗಳಿಗೆ, ನಡುಮಧ್ಯಾಹ್ನ. ದನಿ ತೊದಲುತ್ತಿತ್ತು. "ಅಪ್ಪ, ಕಣ್ಣು ಕತ್ತಲೆ ಬಂತು. ಗಾಡಿ ಸೈಡಿಗೆ ಹಾಕಿದೀನಿ. ಬೇಗ ಬಾ."

ಮೇಸ್ತ್ರಿ ಗ್ರೀಸು ಕೈಯಲ್ಲೇ ಸ್ಕೂಟರ್ ಹತ್ತಿದ. ಏರು ರಸ್ತೆಯ ತುದಿಯಲ್ಲಿ ಕಾರು ಓರೆಯಾಗಿ ನಿಂತಿತ್ತು, ಸಿಗ್ನಲ್ ದೀಪಗಳು ಮಿಟುಕುತ್ತಿದ್ದವು. ಮಗಳು ಫುಟ್‌ಪಾತಿನ ಮೇಲೆ ಕಾಲು ಚಾಚಿ ಕೂತಿದ್ದಳು. ಮುಖ ಬಿಳಿಚಿತ್ತು. ಮಡಿಲಲ್ಲಿ ಐಸ್ ಪೆಟ್ಟಿಗೆ. ಪಕ್ಕದಲ್ಲಿ ವಾಂತಿ ಮಾಡಿಕೊಂಡಿದ್ದಳು.

"ಸ್ಯಾಂಪಲ್ ಕೆಟ್ಟುಹೋಗುತ್ತೆ ಅಪ್ಪ, ಮೊದಲು ಇದನ್ನ ಮುಟ್ಟಿಸು."

"ಬೆಂಕಿ ಬಿತ್ತು ನಿನ್ನ ಸ್ಯಾಂಪಲ್ಲಿಗೆ! ಏಳು," ಎಂದ. ಆಟೋ ನಿಲ್ಲಿಸಿ ಅವಳನ್ನು ಕೂರಿಸಿಕೊಂಡ. ಪೆಟ್ಟಿಗೆಯನ್ನೂ ಜತೆಗೇ ಇಟ್ಟುಕೊಂಡ, ಇಲ್ಲದಿದ್ದರೆ ಅವಳು ಏಳುವವಳಲ್ಲ.

ಆಸ್ಪತ್ರೆಯ ಕೋಣೆ ಚಿಕ್ಕದು. ಒಂದು ಮಂಚ, ಒಂದು ಪರದೆ, ಗೋಡೆಗೆ ಒರಗಿಸಿದ ಆಮ್ಲಜನಕದ ಸಿಲಿಂಡರ್. ಹೆಂಡತಿ ಹೇಗೋ ಓಡಿಬಂದು ಬಾಗಿಲ ಬಳಿ ನಿಂತಿದ್ದಳು. ಡಾಕ್ಟರಮ್ಮ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಆಲಿಸಿದರು. ಆಮೇಲೆ ಮಗುವಿನ ಎದೆಬಡಿತ ಟುಕುಟುಕು ಎಂದು ಕೋಣೆಗೆಲ್ಲ ಕೇಳಿಸಿತು.

"ಮಗು ಸದ್ಯಕ್ಕೆ ಚೆನ್ನಾಗಿದೆ," ಎಂದರು ಡಾಕ್ಟರಮ್ಮ. "ಆದರೆ ಈ ತಲೆನೋವು, ತಲೆಸುತ್ತು ಯಾವಾಗ ಬರುತ್ತೆ? ಗಾಡಿಯಲ್ಲಿದ್ದಾಗಲಾ? ಮನೆಯಲ್ಲಿದ್ದಾಗಲೂ ಬರುತ್ತಾ?"

"ಗಾಡೀಲಿ ಮೇಡಂ."

"ಗಾಡಿಯೊಳಗೆ ಹೊಗೆ ಏನಾದ್ರೂ ಬರುತ್ತಾ? ವಾಸನೆ ಬರುತ್ತಾ?"

ಮಗಳು ಅಪ್ಪನ ಕಡೆ ನೋಡಿದಳು. "ಇಲ್ಲ ಮೇಡಂ. ನಮ್ಮಪ್ಪ ಮೆಕ್ಯಾನಿಕ್ಕು. ಅವರೇ ನೋಡಿದಾರೆ. ಏನೂ ಇಲ್ಲವಂತೆ. ನನಗೆ ಬರೋದು ಬಸುರಿ ಮೂಗಿಗೆ."

ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ಮೂಗು ಹಿಡಿದು ಹೇಳಿದ್ದಳು, ತಲೆ ಹಿಡಿದು ಹೇಳಿದ್ದಳು, ಬಟನ್ ಒತ್ತಿ ಹೊರಗಿನ ಗಾಳಿ ತಡೆದರೆ ಕಮ್ಮಿಯಾಗುತ್ತೆ ಎಂದು ಗುಟ್ಟನ್ನೇ ಬಿಡಿಸಿ ಕೈಗಿಟ್ಟಿದ್ದಳು. ಈಗ ಅಪ್ಪನ ಮಾನ ಉಳಿಸಲು ತನ್ನ ಮೂಗನ್ನೇ ಸುಳ್ಳು ಮಾಡುತ್ತಿದ್ದಾಳೆ. ಡಾಕ್ಟರಮ್ಮ ಅದನ್ನೇ ಚೀಟಿಯಲ್ಲಿ ಬರೆಯಲು ಪೆನ್ನು ತೆಗೆದರು. ಬಾಗಿಲಲ್ಲಿ ನಿಂತ ಹೆಂಡತಿ ಗಂಡನನ್ನೇ ನೋಡುತ್ತಿದ್ದಳು.

"ಬರೀಬೇಡಿ ಮೇಡಂ," ಎಂದ ಮೇಸ್ತ್ರಿ. "ನನಗೆ ವಾಸನೆ ಗೊತ್ತಾಗಲ್ಲ. ಏನೂ ಗೊತ್ತಾಗಲ್ಲ. ಅವಳು ಹೇಳಿದ್ದೇ ನಿಜ ಇರುತ್ತೆ. ಹೊಗೆ ಬರ್ತಿರುತ್ತೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಕಣ್ಣಲ್ಲೇ ಅನ್ನಬೇಕಾದ್ದನ್ನೆಲ್ಲ ಅಂದರು. ಮಗಳ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿ, ರಕ್ತಪರೀಕ್ಷೆಗೆ ಬರೆದುಕೊಟ್ಟು, ಆ ಕಾರಿನ ಹತ್ತಿರ ಸುಳಿಯಕೂಡದು ಎಂದು ಹೇಳಿ ಹೊರಟರು.

ಮಗಳು ಮುಖವಾಡವನ್ನು ಸ್ವಲ್ಪ ಸರಿಸಿ ಕೇಳಿದಳು.

"ಯಾವಾಗಿಂದಪ್ಪ?"

"ಆ ಜ್ವರ ಬಂದಾಗಿಂದ."

"ಮತ್ತೆ ಯಾಕೆ ಇಲ್ಲ ಅಂದೆ? ಗೊತ್ತಿಲ್ಲ ಅಂದಿದ್ರೆ ಸಾಕಿತ್ತಲ್ಲ. ನಾನು ಇನ್ಯಾರಿಗಾದ್ರೂ ತೋರಿಸ್ತಿದ್ದೆ."

ಮಗಳು ಮುಖವಾಡ ಸರಿಮಾಡಿಕೊಂಡು ಗೋಡೆಯ ಕಡೆಗೆ ಹೊರಳಿದಳು. ಅವಳು ಕೂಗಾಡಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

ಮಾರನೆಯ ದಿನ ವೈರಿಂಗಿನವನು ಕಾರನ್ನು ಕಿಟಕಿ ಇಳಿಸಿಕೊಂಡು ಓಡಿಸಿ ತಂದು ಶೆಡ್ಡಿನ ಎದುರಿನ ಬಯಲಲ್ಲಿ ನಿಲ್ಲಿಸಿದ. ಇಂಜಿನ್ ಚೆನ್ನಾಗಿ ಕಾದಿತ್ತು. ಮೇಸ್ತ್ರಿ ಹೆಂಡತಿಯನ್ನು ಕರೆತಂದಿದ್ದ. ಇಷ್ಟು ವರ್ಷ ಗಂಡನ ಅಂಗಿಯ ಡೀಸೆಲ್ ವಾಸನೆಗೆ ಗೊಣಗಿದ್ದು ಬಿಟ್ಟರೆ ಅವಳಿಗೂ ಮೋಟಾರಿಗೂ ಸಂಬಂಧವಿರಲಿಲ್ಲ. ಈಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾನೆಟ್ಟಿನೊಳಗೆ ಬಗ್ಗಿದಳು.

"ಆಕ್ಸಿಲರೇಟರ್ ಒತ್ತಯ್ಯ," ಎಂದ ಮೇಸ್ತ್ರಿ. ವೈರಿಂಗಿನವನು ಒತ್ತಿದ. "ಏನೇ, ಇಲ್ಲಿ?"

"ಇಲ್ಲ."

"ಈ ಕಡೆ?"

"ಇಲ್ಲ. ತಾಳಿ ರೀ, ಹಿಂದೆ... ಥೂ! ಇಲ್ಲೇ ರೀ, ಈ ಗೋಡೆ ಹತ್ತಿರ. ಉಸಿರು ಕಟ್ಟುತ್ತೆ. ಕಣ್ಣಲ್ಲಿ ನೀರು ಬಂತು ನೋಡಿ."

ಬಿಸಿ ತಡೆಯುವ ಆ ಮುಚ್ಚಳದ ಮೇಲೇ ಅವಳ ಬೆರಳಿತ್ತು. ವೈರಿಂಗಿನವನು ಇಂಜಿನ್ ಆರಿಸಿ ಇಳಿದು ಬಂದು ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ ಅವನಿಗೂ ಹೇಳಿದ, ಎರಡೇ ಮಾತಲ್ಲಿ. ಅವನು ಸ್ಪ್ಯಾನರ್ ಹುಡುಕಿಕೊಟ್ಟ.

ಇಂಜಿನ್ ತಣ್ಣಗಾಗುವವರೆಗೆ ಕಾದು ಬಿಚ್ಚತೊಡಗಿದರೆ ಬೋಲ್ಟು ಒಂದಾದರೂ ಮರ್ಯಾದೆಯಾಗಿ ಬರಲಿಲ್ಲ. ಎರಡು ಮುರಿದವು. ಮೇಸ್ತ್ರಿಯ ಮುಂಗೈ ತರಚಿ ರಕ್ತ ಬಂತು. ಅವನು ಬೈದ ಬೈಗುಳ ಕೇಳಿ ಹೆಂಡತಿ ಎದ್ದು ದೂರ ಹೋಗಿ ಕೂತಳು. ಮುಚ್ಚಳ ಎದ್ದು ಬಂದಾಗ ಕೆಳಗಿನ ಪೈಪಿನ ಮಡಿಕೆಗಳ ನಡುವೆ ಕೂದಲೆಳೆಯಂಥ ಒಂದು ಸೀಳು ಕಂಡಿತು. ಅದರಿಂದ ತಗಡಿನ ಗೋಡೆಯ ಉದ್ದಕ್ಕೂ, ನೇರ ಬ್ಲೋವರ್ ಗಾಳಿ ಎಳೆಯುವ ಜಾಗದವರೆಗೆ, ಮಸಿಯ ಪಟ್ಟೆ ಹರಿದಿತ್ತು. ಕುರುಡನಿಗೂ ಕಾಣುವಂತಿತ್ತು. ತಣ್ಣಗಿದ್ದಾಗ ಸೀಳು ಮುಚ್ಚಿಕೊಳ್ಳುತ್ತದೆ, ಏರಿನಲ್ಲಿ ಪೈಪು ಕಾದು ಹಿಗ್ಗಿದಾಗ ಬಾಯಿ ಬಿಡುತ್ತದೆ. ಇಂಜಿನ್ನಿಗೆ ಹೋಗಬೇಕಾದ ಹೊಗೆ ಇಷ್ಟು ದಿನ ಅವನ ಮಗಳಿಗೆ ಹೋಗಿತ್ತು.

ಮೇಸ್ತ್ರಿ ಆ ಪೈಪನ್ನು ಕೈಯಲ್ಲಿ ಹಿಡಿದು ಶೆಡ್ಡಿನ ಹೊಸ್ತಿಲ ಮೇಲೆ ಕುಸಿದು ಕೂತ. ಹೆಂಡತಿ ಬಂದು ಪಕ್ಕದಲ್ಲಿ ಕೂತಳು.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದ.

"ಹಾಲು ಸೀದ ದಿನ ಗೊತ್ತಾಯ್ತು."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು?"

"ನೀವಾಗಿ ಹೇಳ್ತೀರ ಅಂತ ಕಾದೆ. ನಿಮ್ಮ ಮೂಗನ್ನ ನೀವೇ ಮೆರೆಸ್ಕೊಂಡು ಓಡಾಡ್ತಿದ್ರಿ, ನಾನು ಹೇಗೆ ಹೇಳ್ಲಿ? ಕಾರಿಗೂ ಅದಕ್ಕೂ ಸಂಬಂಧ ಇದೆ ಅಂತ ನನಗೇನು ಗೊತ್ತು?" ಎಂದಳು. ಅವಳಿಗೂ ಅಳು ಬಂದಿತ್ತು, ಸಿಟ್ಟೂ ಬಂದಿತ್ತು.

ಹೊಸ ಪೈಪು ಬಂತು. ಹೊಸ ಬೋಲ್ಟು, ಹೊಸ ಪ್ಯಾಕಿಂಗು. ವೈರಿಂಗಿನವನು ದಿನಾ ಅದೇ ಏರಿನಲ್ಲಿ ಓಡಿಸಿ ತಂದ. ದೀಪ ಹತ್ತಲಿಲ್ಲ. ಸ್ಕ್ಯಾನರಿನಲ್ಲಿ ಏನೂ ಬರಲಿಲ್ಲ. ಹೆಂಡತಿ ಮೂಸಿ ಮೂಸಿ, ಏನೂ ಇಲ್ಲ ಎಂದಳು. ಗಿರಾಕಿಗಳಿಗೆ ಸುದ್ದಿ ಹರಡಿತು. ಕೆಲವರು ಬೇರೆ ಶೆಡ್ಡಿಗೆ ಹೋದರು. ಉಳಿದವರ ಕಾರಿನ ಸುತ್ತ ಮೇಸ್ತ್ರಿ ಪ್ರದಕ್ಷಿಣೆ ಬರುವುದನ್ನು ನಿಲ್ಲಿಸಿದ. "ವಾಸನೆ ಏನಾದ್ರೂ ಬರ್ತಿದೆಯಾ?" ಎಂದು ಅವರನ್ನೇ ಕೇಳತೊಡಗಿದ.

ಮಗಳು ಆಸ್ಪತ್ರೆಯಿಂದ ಬಂದ ಮೇಲೆ ಅವನೊಂದಿಗೆ ಹೆಚ್ಚು ಮಾತಾಡಿರಲಿಲ್ಲ. ಊಟ ಆಯ್ತಾ ಅಂದರೆ ಆಯ್ತು, ಮಾತ್ರೆ ತಗೊಂಡ್ಯಾ ಅಂದರೆ ತಗೊಂಡೆ. ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ಕಾರಿನ ಎದುರು ನಿಂತಳು.

"ಡಾಕ್ಟರು ಸ್ವಲ್ಪ ಸ್ವಲ್ಪ ಓಡಿಸಬಹುದು ಅಂದ್ರು."

ಮೇಸ್ತ್ರಿ ಸರಿಯಾಗಿದೆ ಎನ್ನಲಿಲ್ಲ. ಬಯಲಿಗೆ ತಂದು ಇಂಜಿನ್ ಓಡಿಸಿ ಕಾಯಿಸಿಟ್ಟಿದ್ದ ಕಾರಿನ ಬಾಗಿಲು ತೆರೆದು ಹಿಡಿದ. ಅವಳು ಕೂತು, ಕಿಟಕಿ ಏರಿಸಿ, ಬ್ಲೋವರ್ ಹಾಕಿ ಉಸಿರೆಳೆದಳು. ಇನ್ನೊಮ್ಮೆ ಎಳೆದಳು. ಗಾಜಿನ ಆಚೆಯಿಂದ ಮೇಸ್ತ್ರಿ ಅವಳ ಮೂಗನ್ನೇ ನೋಡುತ್ತಿದ್ದ.

ಅವಳು ಗಾಜು ಇಳಿಸಿದಳು. ಅಳುಕುತ್ತಲೇ ಹೇಳಿದಳು. "ಒಂಚೂರು ಇದೆ ಅನ್ಸುತ್ತಪ್ಪ."

ಪೈಪು ಹೊಸದು. ದೀಪ ಆರಿದೆ. ಸ್ಕ್ಯಾನರ್ ಇಲ್ಲ ಅಂದಿದೆ, ಹೆಂಡತಿ ಇಲ್ಲ ಅಂದಿದ್ದಾಳೆ. ಇದು ಬಸುರಿ ಮೂಗೇ ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡ. ಕೈ ಚಾಚಿ ಕೀಲಿ ತಿರುಗಿಸಿ ಇಂಜಿನ್ ಆರಿಸಿದ. ಬಾನೆಟ್ ಎತ್ತಿ, ಸ್ಪ್ಯಾನರ್ ಕೈಗೆ ತೆಗೆದುಕೊಂಡು ಮಗಳ ಕಡೆ ತಿರುಗಿದ.

"ಎಲ್ಲಿಂದ ಬರ್ತಿದೆ? ತೋರಿಸು, ಬಿಚ್ಚೋಣ."